ಇಂಗ್ಲೆಂಡಿನ ಹಳ್ಳಿ ಚರ್ಚು: ಗೋಡೆ ನೋಡಿ ಕಾಲ ಹೇಳುವ ಬಗೆ

ಹಳೆಯ ಚರ್ಚಿನ ಮುಂದೆ ‘12ನೇ ಶತಮಾನ’ ಎಂಬ ಫಲಕ ಇದ್ದರೆ ಇಡೀ ಕಟ್ಟಡ ಆ ಕಾಲದ್ದು ಎಂದುಕೊಳ್ಳಬೇಡಿ. ಎಷ್ಟೋ ಕಡೆ ಬಾಗಿಲೊಂದೇ ಆ ಶತಮಾನದ್ದು. ಗೋಪುರ 15ನೆಯದು, ನೆಲಹಾಸು ವಿಕ್ಟೋರಿಯಾ ರಾಣಿಯ ಕಾಲದ್ದು. ಆದ್ದರಿಂದ ಒಂದೊಂದು ಗೋಡೆಯ ವಯಸ್ಸನ್ನೂ ಬೇರೆಬೇರೆಯಾಗಿ ಹುಡುಕಬೇಕು.

ಚೌಕುಳಿ ಹಾಳೆ, ಪೆನ್ಸಿಲ್, ಅಳತೆ ಟೇಪು, ಟಾರ್ಚು, ಬೈನಾಕ್ಯುಲರ್ ಸಾಕು. ಒಳಗೆ ಹೋಗುವ ಆತುರ ಬೇಡ, ಮೊದಲು ಹೊರಗೆ ಒಂದು ಸುತ್ತು ಹಾಕಿ ನಕ್ಷೆ ಬರೆದುಕೊಳ್ಳಿ. ಬಲಿಪೀಠವಿರುವ ಪೂರ್ವದ ಭಾಗ ಚಾನ್ಸೆಲ್, ಜನ ಸೇರುವ ಪಶ್ಚಿಮದ ಭಾಗ ನೇವ್, ಅದರ ಅಕ್ಕಪಕ್ಕದ ಸಾಲುಗಳು ಐಲ್. ಚಾನ್ಸೆಲ್ಲಿನ ದುರಸ್ತಿ ರೆಕ್ಟರನ, ಅಂದರೆ ಚರ್ಚಿನ ಆದಾಯ ಪಡೆಯುವವನ ಹೊಣೆ, ನೇವ್‌ನದು ಊರವರ ಹೊಣೆಯಾಗಿತ್ತು. ಉಣ್ಣೆ ವ್ಯಾಪಾರದಲ್ಲಿ ದುಡ್ಡು ಕಂಡ ಊರುಗಳಲ್ಲಿ ಎತ್ತರದ ಹೊಸ ನೇವ್, ಅದರ ಹಿಂದೆ ಕುಳ್ಳಗಿನ ಹಳೆಯ ಚಾನ್ಸೆಲ್ ಕಾಣುವುದಕ್ಕೆ ಇದೂ ಒಂದು ಕಾರಣ.

ನಕ್ಷೆ ಆದ ಮೇಲೆ ಸಂದುಗಳನ್ನು ಹುಡುಕಿ. ಗೋಡೆಯಲ್ಲಿ ಮೇಲಿಂದ ಕೆಳಗೆ ನೇರವಾದ ಬಿರುಕಿನಂಥ ಗೆರೆ ಇದ್ದು, ಕಲ್ಲುಗಳು ಒಂದಕ್ಕೊಂದು ಹೆಣೆದುಕೊಂಡಿಲ್ಲ ಎಂದರೆ ಅಲ್ಲಿ ಎರಡು ಕಾಲದ ಕೆಲಸ ಕೂಡಿದೆ. ಮೂಲೆಗೆ ಹಾಕುವ ದಪ್ಪ ಕಲ್ಲುಗಳು ಗೋಡೆಯ ನಡುವೆ ಸಾಲಾಗಿ ನಿಂತಿದ್ದರೆ ಹಿಂದೆ ಕಟ್ಟಡ ಅಲ್ಲಿಗೇ ಮುಗಿದಿತ್ತು. ಆ ಮೂಲೆಗಲ್ಲುಗಳು ಒಂದು ಉದ್ದಕ್ಕೆ ನಿಂತು, ಮುಂದಿನದು ಅಡ್ಡ ಮಲಗಿ ಏರಿದ್ದರೆ ಸ್ಯಾಕ್ಸನ್ನರ ಕೈಕೆಲಸ, ಎಂದರೆ ಹೆಚ್ಚುಕಡಿಮೆ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ 1066ಕ್ಕಿಂತ ಹಿಂದಿನದು. ನಾರ್ಥಾಂಪ್ಟನ್‌ಶೈರಿನ ಅರ್ಲ್ಸ್ ಬಾರ್ಟನ್ ಗೋಪುರ ಇದನ್ನು ಕಲಿಯಲು ಅತ್ಯುತ್ತಮ ಜಾಗ.

ಗೋಪುರದ ಪೂರ್ವ ಮುಖವನ್ನಂತೂ ಬಿಡಲೇಬೇಡಿ. ಅಲ್ಲಿ ತಲೆಕೆಳಗಾದ ‘ವಿ’ ಆಕಾರದ ಕಲ್ಲಿನ ಅಂಚು ಉಳಿದಿದ್ದರೆ ಅದು ಹಳೆಯ ಮಾಡಿನ ಗುರುತು. ಈಗಿನ ಮಾಡು ಅದಕ್ಕಿಂತ ಮೇಲಿದ್ದರೆ, ಗೋಡೆ ಎತ್ತರಿಸಿ ಮೇಲ್ಸಾಲಿನ ಕಿಟಕಿಗಳನ್ನು ಆಮೇಲೆ ಕೂಡಿಸಿದ್ದಾರೆ.

ಈಗ ಕಿಟಕಿಗಳು. ತಲೆ ದುಂಡಗೆ, ಹೊರಗೆ ಕಿರಿದಾಗಿ ಒಳಗೆ ಅಗಲವಾಗುವ ಕಿಟಕಿ ಸುಮಾರು 1190ರವರೆಗಿನ ನಾರ್ಮನ್ ಶೈಲಿ. ಈಟಿಯ ಮೊನೆಯಂತೆ ಚೂಪಾದ ಒಂಟಿ ಕಿಟಕಿಗಳು ಸುಮಾರು 1250ರವರೆಗೆ. ಕಮಾನಿನೊಳಗೆ ಕಲ್ಲಿನ ಜಾಲರಿ ಬಳ್ಳಿಯಂತೆ ಬಳುಕಿದ್ದರೆ 14ನೇ ಶತಮಾನದ ಮೊದಲರ್ಧ. ಲಂಬ ಕಂಬಿಗಳು ಕಮಾನಿನ ತುದಿಯವರೆಗೂ ನೇರ ಏರಿದ್ದರೆ ಪರ್ಪೆಂಡಿಕ್ಯುಲರ್: 14ನೇ ಶತಮಾನದ ನಡುವಿನಿಂದ 16ನೆಯದರ ಆರಂಭದವರೆಗಿನದು, ಸಫೋಕ್‌ನ ಲಾಂಗ್ ಮೆಲ್ಫರ್ಡ್ ಇದರ ಸೊಗಸಾದ ಮಾದರಿ. ಈ ಶೈಲಿಗಳ ಹೆಸರುಗಳನ್ನು ರೂಢಿಗೆ ತಂದವನು ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್, 1817ರಲ್ಲಿ.

ಹೆಚ್ಚಿನವರು ಎಡವುವುದು ಇಲ್ಲೇ. ಕಿಟಕಿಯ ಕಾಲವೇ ಗೋಡೆಯ ಕಾಲ ಎಂದು ಬರೆದುಬಿಡುತ್ತಾರೆ. ಬೆಳಕು ಸಾಲದೆ ಹಳೆಯ ಗೋಡೆ ಒಡೆದು ದೊಡ್ಡ ಕಿಟಕಿ ಕೂರಿಸುವುದು ಎಲ್ಲೆಲ್ಲೂ ನಡೆದಿದೆ. ಕಿಟಕಿಯ ಸುತ್ತ ಕಲ್ಲಿನ ವರಸೆ ಕದಡಿದೆಯೇ, ಪಕ್ಕದಲ್ಲಿ ಅರ್ಧ ಕತ್ತರಿಸಿದ ಹಳೆಯ ಕಮಾನು ಇದೆಯೇ ನೋಡಿ. ಯಾವುದು ಇನ್ನೊಂದನ್ನು ಕತ್ತರಿಸಿದೆಯೋ ಅದೇ ಈಚಿನದು.

ಇನ್ನೊಂದು ಮೋಸ 19ನೇ ಶತಮಾನದ ನಕಲು. ಅಂಕುಡೊಂಕು ಗೆರೆಯ ದುಂಡು ಕಮಾನು ಕಂಡಾಗ ಟಾರ್ಚನ್ನು ಕಲ್ಲಿಗೆ ಓರೆಯಾಗಿ ಹಿಡಿಯಿರಿ. ನಾರ್ಮನ್ ಕಲ್ಲಿನ ಮೇಲೆ ಕೊಡಲಿಯ ಓರೆ ಏಟುಗಳು ಒಂದೊಂದು ಒಂದೊಂದು ಬಗೆ. ಅಂಚು ಚೂಪಾಗಿ, ಉಳಿ ಗೆರೆ ಯಂತ್ರ ಎಳೆದಂತೆ ಸಮವಾಗಿದ್ದರೆ ಅನುಮಾನಿಸಿ.

ಒಳಗೆ ಬಂದಾಗ ಐಲ್‌ನ ದಕ್ಷಿಣ ಗೋಡೆಯಲ್ಲಿ ಪಿಸಿನಾ, ಅಂದರೆ ಪೂಜೆಯ ಪಾತ್ರೆ ತೊಳೆದ ನೀರು ಇಂಗಲು ತೂತಿರುವ ಕಲ್ಲಿನ ಬಟ್ಟಲು ಇದ್ದರೆ, ಹತ್ತಿರದಲ್ಲೊಂದು ಬಲಿಪೀಠ ಇತ್ತು. ಅದು ನೆಲಕ್ಕೆ ತೀರ ಹತ್ತಿರವಿದ್ದರೆ ನೆಲವನ್ನು ಆಮೇಲೆ ಎತ್ತರಿಸಿದ್ದಾರೆ. ಚಾನ್ಸೆಲ್ ಕಮಾನಿನ ಪಕ್ಕ, ಗೋಡೆಯ ಮೇಲ್ಭಾಗದಲ್ಲಿ ಎಲ್ಲಿಗೂ ಹೋಗದ ಪುಟ್ಟ ಬಾಗಿಲು ಇದ್ದೀತು. ಶಿಲುಬೆ ನಿಲ್ಲಿಸಿದ್ದ ಮರದ ಅಟ್ಟಕ್ಕೆ ಅದು ದಾರಿ. 16ನೇ ಶತಮಾನದಲ್ಲಿ ಪ್ರಾಟೆಸ್ಟಂಟ್ ಪಂಥ ತಂದ ಧರ್ಮಸುಧಾರಣೆಯ ಕಾಲದಲ್ಲಿ ಅಟ್ಟ ಹೋಯಿತು, ಬಾಗಿಲು ಉಳಿಯಿತು. ಚಾನ್ಸೆಲ್ ನೇವ್‌ನ ನೇರಕ್ಕಿರದೆ ನಕ್ಷೆಯಲ್ಲಿ ಒಂದು ಪಕ್ಕಕ್ಕೆ ತಿರುಗಿದ್ದರೆ ‘ಶಿಲುಬೆಯ ಮೇಲೆ ಬಾಗಿದ ಯೇಸುವಿನ ತಲೆ’ ಎಂದು ಹೇಳುವವರಿದ್ದಾರೆ. ಹಳೆಯದನ್ನು ಕೆಡವದೆ ಅದರ ಸುತ್ತ ಹೊಸದನ್ನು ಗುರುತು ಹಾಕುವಾಗ ಆದ ವ್ಯತ್ಯಾಸ ಎಂಬ ವಿವರಣೆಯೇ ಹೆಚ್ಚು ಒಪ್ಪುವಂಥದ್ದು.

ಒಳಗೋಡೆಯ ಬರಿಗಲ್ಲನ್ನು ಕಂಡು ‘ಎಷ್ಟು ಪುರಾತನ’ ಎನ್ನುವವರು ಗಮನಿಸಬೇಕು: ಮಧ್ಯಯುಗದಲ್ಲಿ ಆ ಗೋಡೆಗೆ ಗಾರೆ, ಸುಣ್ಣ, ಎಷ್ಟೋ ಕಡೆ ಚಿತ್ರವೂ ಇತ್ತು. 19ನೇ ಶತಮಾನದ ಜೀರ್ಣೋದ್ಧಾರದಲ್ಲಿ ಕೆರೆದು ಹಾಕಿದರು. ಈ ಹಾನಿ ತಡೆಯಲೆಂದೇ 1877ರಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು ಪುರಾತನ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದರು. ಸಫೋಕ್‌ನ ವೆನ್‌ಹ್ಯಾಸ್ಟನ್‌ನಲ್ಲಿ 1892ರಲ್ಲಿ ಹೊರಗೆಸೆದ ಸುಣ್ಣ ಬಳಿದ ಹಲಗೆಗಳ ಮೇಲೆ ಮಳೆ ಸುರಿದು, ಅಂತಿಮ ತೀರ್ಪಿನ ಚಿತ್ರ ಹೊರಬಂತು. ಸುಣ್ಣದ ಪದರವನ್ನು ಉಗುರಿನಿಂದಲೂ ಕೆರೆಯಬೇಡಿ.

ಕೊನೆಗೆ ನಕ್ಷೆಗೆ ಕಾಲಕ್ಕೊಂದು ಬಣ್ಣ ಹಚ್ಚಿ. ಖಚಿತವಾಗದ ಗೋಡೆ ಬಿಳಿಯಾಗಿಯೇ ಇರಲಿ. ಅದಕ್ಕಾಗಿ ಮಳೆ ನಿಂತ ಮೇಲೆ ಇನ್ನೊಮ್ಮೆ ಹೋಗಿ: ಬೇರೆ ಬೇರೆ ಕಲ್ಲು, ಗಾರೆ ಬೇರೆ ಬೇರೆ ವೇಗದಲ್ಲಿ ಆರುವುದರಿಂದ ಮುಚ್ಚಿಹೋದ ಬಾಗಿಲಿನ ಆಕಾರ ಆಗ ಸ್ವಲ್ಪ ಹೊತ್ತು ಕಾಣಿಸೀತು.