ಚರಂಡಿ ಒಂದೇ, ಅರ್ಜಿ ಎರಡು: ನನ್ನ ಅನುಭವ

ಮಳೆ ಬಂದರೆ ಸಾಕು, ನಮ್ಮ ಬೀದಿಯ ಚರಂಡಿ ಉಕ್ಕಿ ಅಂಗಳಕ್ಕೇ ಬರುತ್ತಿತ್ತು. ಗ್ರಾಮ ಪಂಚಾಯ್ತಿಗೆ ಹೋದರೆ 'ದುಡ್ಡಿಲ್ಲ' ಅಂದರು. ನಂಬಿಕೊಂಡು ಎರಡು ತಿಂಗಳು ಸುಮ್ನೆ ಕೂತೆ. ತಪ್ಪು ನನ್ನದೇ.

ಆಮೇಲೆ ಓದಿ ತಿಳಿದೆ. ಕೇಂದ್ರದ ಹಣ ಹೇಗೆ ಹಂಚಬೇಕೆಂದು ಶಿಫಾರಸು ಮಾಡುವ 15ನೇ ಹಣಕಾಸು ಆಯೋಗದ ಪ್ರಕಾರ 2021ರಿಂದ 2026ರವರೆಗೆ ಪಂಚಾಯ್ತಿಗಳಿಗೆ ಬರುವ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆದರೆ ಕೆಲಸ ಪಂಚಾಯ್ತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಯಲ್ಲಿ ಇರಬೇಕು. ಅದರ ದಾರಿ ಗ್ರಾಮಸಭೆ. ಜನ ಜಾಸ್ತಿ ಬರಲ್ಲ ಅಲ್ವಾ? ನಾವು ಆರು ಮನೆಯವರು ಹೋದೆವು. ಬೇಡಿಕೆ ನಡಾವಳಿ ಪುಸ್ತಕಕ್ಕೆ ಬರೆಯುವವರೆಗೂ ಎದ್ದು ಬರಲಿಲ್ಲ.

ಚರಂಡಿಯ ಹೂಳು ತೆಗೆದರು. ಮುಂದಿನ ಮಳೆಗೆ ಮತ್ತೆ ಅದೇ ಕಥೆ!

ನೀರು ಹೋದ ದಾರಿಯನ್ನೇ ಹಿಡಿದು ನಡೆದೆ. ಮುಖ್ಯ ರಸ್ತೆಯ ಕೆಳಗಿನ ಮೋರಿಯಲ್ಲಿ ತೆಂಗಿನ ಗರಿ, ಗೋಣಿಚೀಲ, ಒಂದು ಹಳೆ ಚಪ್ಪಲಿ. ಆ ರಸ್ತೆ ಪಂಚಾಯ್ತಿಯದ್ದಲ್ಲ, ರಾಜ್ಯದ ಲೋಕೋಪಯೋಗಿ ಇಲಾಖೆಯದ್ದು. ಪಂಚಾಯ್ತಿಯವರು ಅದನ್ನು ಮುಟ್ಟುವ ಹಾಗಿರಲಿಲ್ಲ. ಫೋಟೋ ಸಮೇತ ಇಲಾಖೆಯ ಸಹಾಯಕ ಎಂಜಿನಿಯರ್‌ಗೆ ಬೇರೆ ಅರ್ಜಿ ಕೊಟ್ಟೆ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಮೂರನೇ ವಾರ ಆಳುಗಳು ಬಂದು ಮೋರಿ ಬಿಡಿಸಿದರು. ಈ ಸಲದ ಮಳೆಗೆ ಅಂಗಳ ಒಣಗಿಯೇ ಇತ್ತು.