ಕಲ್ಲಿನಲ್ಲಿ ಇರುವಷ್ಟು: ರೋಮನ್ ಇತಿಹಾಸದ ಅಧ್ಯಯನದಲ್ಲಿ ನನ್ನ ಅನುಭವ

ಪ್ರಾಚೀನ ರೋಮಿನ ಇತಿಹಾಸಕ್ಕೆ ನಾನು ಬಂದದ್ದು ಶಾಸನಗಳ ದಾರಿಯಿಂದ. ಕರ್ನಾಟಕದಲ್ಲಿ ಇತಿಹಾಸದ ಎಂ.ಎ. ಓದುವಾಗ ವೀರಗಲ್ಲುಗಳ ಪಡಿಯಚ್ಚು ತೆಗೆಯುವುದನ್ನು ಕಲಿತಿದ್ದೆ. ಲ್ಯಾಟಿನ್ ಆರಂಭಿಸಿದ್ದು 24ನೆಯ ವಯಸ್ಸಿನಲ್ಲಿ, ಬೆಂಗಳೂರಿನ ವೃದ್ಧ ಪಾದ್ರಿಯೊಬ್ಬರ ಬಳಿ. ಯುರೋಪಿನಲ್ಲಿ ಈ ವಿಷಯ ಹಿಡಿಯುವ ಅನೇಕರು ಶಾಲೆಯಲ್ಲೇ ಆ ಭಾಷೆಯನ್ನು ಓದಿರುತ್ತಾರಾದ್ದರಿಂದ ನನಗೆ ತಡವಾಯಿತೆಂಬ ಆತಂಕವಿತ್ತು. ಆದರೆ ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಹತ್ತುವುದು, ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ಕನ್ನಡದವನಿಗೆ ಹೊಸತೇನೂ ಆಗಿರಲಿಲ್ಲ.

ಕಷ್ಟ ಕೊಟ್ಟದ್ದು ಸಂಕ್ಷೇಪಾಕ್ಷರಗಳು. ರೋಮನ್ ಸಮಾಧಿ ಶಾಸನಗಳಲ್ಲಿ ಹಲವು ಪದಗಳು ಒಂಟಿ ಅಕ್ಷರಗಳಲ್ಲೇ ಇರುತ್ತವೆ: ಮೊದಲ ಸಾಲಿನಲ್ಲಿ ಡಿ, ಎಂ ಎಂದಿದ್ದರೆ 'ಡಿಸ್ ಮಾನಿಬುಸ್', ಅಂದರೆ ಸತ್ತವರ ಆತ್ಮದೇವತೆಗಳಿಗೆ, ಒಬ್ಬನ ಹೆಸರಿನ ನಡುವೆ ಎಂ, ಎಫ್ ಎಂದಿದ್ದರೆ ಅವನು ಮಾರ್ಕಸನ ಮಗ, ಎಂ, ಎಲ್ ಎಂದಿದ್ದರೆ ಮಾರ್ಕಸನು ಬಿಡುಗಡೆ ಮಾಡಿದ ಗುಲಾಮ. ಒಬ್ಬ ಮನುಷ್ಯನ ಹುಟ್ಟು ಎಂಥದ್ದೆಂಬುದನ್ನು ಒಂದೇ ಅಕ್ಷರ ತೀರ್ಮಾನಿಸಿಬಿಡುತ್ತದೆ.

ಪಿಎಚ್.ಡಿ.ಗೆ ನಾನು ಆರಿಸಿಕೊಂಡದ್ದು ರೋಮಿನ ಬಂದರಾದ ಒಸ್ತಿಯಾದ ಬಿಡುಗಡೆ ಹೊಂದಿದ ಗುಲಾಮರನ್ನು. ಅಲ್ಲಿಗೆ ಸಮೀಪದ ಈಸೋಲಾ ಸಾಕ್ರಾ ಎಂಬ ಸ್ಮಶಾನದಲ್ಲಿ, 100ನೆಯ ಸಂಖ್ಯೆಯ ಗೋರಿಯಲ್ಲಿ, ಕ್ರಿ.ಶ. 2ನೆಯ ಶತಮಾನದ ಸ್ಕ್ರಿಬೋನಿಯಾ ಅತ್ತಿಕೆ ಎಂಬಾಕೆಯ ಶಾಸನವಿದೆ. ಗೋರಿಯ ಮುಂಭಾಗದ ಸುಟ್ಟಮಣ್ಣಿನ ಉಬ್ಬುಫಲಕವೊಂದರಲ್ಲಿ ಸೂಲಗಿತ್ತಿಯೊಬ್ಬಳು ಹೆರಿಗೆ ಮಾಡಿಸುತ್ತಿದ್ದಾಳೆ. ಇನ್ನೊಂದರಲ್ಲಿ ವೈದ್ಯನೊಬ್ಬ ರೋಗಿಯ ಕಾಲಿಗೆ ಚಿಕಿತ್ಸೆ ಮಾಡುತ್ತಿದ್ದಾನೆ. ತನಗೆ, ಗಂಡ ಮಾರ್ಕಸ್ ಉಲ್ಪಿಯಸ್ ಅಮೆರಿಮ್ನಸನಿಗೆ, ತಾಯಿಗೆ, ದಿಯೋಕ್ಲೆಸ್ ಎಂಬವನಿಗೆ, ತನ್ನವರಿಗೆ, ತಾನು ಬಿಡುಗಡೆ ಮಾಡಿದ ಗುಲಾಮರಿಗೆ ಮತ್ತು ಅವರ ಸಂತತಿಗೆ ಈ ಗೋರಿಯನ್ನು ಕಟ್ಟಿಸಿದೆನೆಂದು ಹೇಳಿ, ಆಕೆ 'ಪನಾರಾತಸ್ ಮತ್ತು ಪ್ರೊಸ್ದೋಕಿಯಾ ಇವರಿಬ್ಬರನ್ನು ಬಿಟ್ಟು' ಎಂದು ಸೇರಿಸಿದ್ದಾಳೆ. ಕಾರಣ ಹೇಳಿಲ್ಲ.

ಆ ಇಬ್ಬರ ಮೇಲೆ ನಾನು ನಾಲ್ಕು ಪುಟ ಬರೆದೆ. ಅವರು ಮನೆಯೊಡತಿಗೆ ದ್ರೋಹ ಬಗೆದಿರಬೇಕು, ಪ್ರಾಯಶಃ ಗಂಡಹೆಂಡಿರಾಗಿರಬೇಕು ಎಂದೆಲ್ಲ ಊಹಿಸಿದ್ದೆ. ನನ್ನ ಮಾರ್ಗದರ್ಶಕಿ ಹಸ್ತಪ್ರತಿಯ ಅಂಚಿನಲ್ಲಿ 'ಇದರಲ್ಲಿ ಶಾಸನದಲ್ಲಿ ಇರುವುದೆಷ್ಟು?' ಎಂದು ಬರೆದು ಹಿಂದಿರುಗಿಸಿದರು. ಎರಡು ಹೆಸರು, 'ಬಿಟ್ಟು' ಎಂಬ ಒಂದು ಪದ. ಅಷ್ಟೇ ಇತ್ತು.

ಅಲ್ಲಿಂದ ಮುಂದೆ ನನ್ನ ಕೆಲಸದ ಕ್ರಮ ಬದಲಾಯಿತು. ಶಾಸನಪಾಠವನ್ನು ಅಚ್ಚುಮಾಡುವಾಗ ಬಳಸಲೆಂದು ನೆದರ್ಲ್ಯಾಂಡ್ಸಿನ ಲೈಡನ್ ನಗರದಲ್ಲಿ 1931ರಲ್ಲಿ ವಿದ್ವಾಂಸರು ಒಪ್ಪಿಕೊಂಡ ಚಿಹ್ನೆಗಳಿವೆ: ಸಂಕ್ಷೇಪವನ್ನು ಬಿಡಿಸಿದ್ದು ದುಂಡು ಆವರಣದಲ್ಲಿ, ಕಲ್ಲು ಒಡೆದುಹೋದಲ್ಲಿ ನಾವು ತುಂಬಿದ್ದು ಚೌಕ ಆವರಣದಲ್ಲಿ, ಅನುಮಾನದ ಅಕ್ಷರದ ಕೆಳಗೆ ಚುಕ್ಕೆ. ಇವನ್ನು ಮುದ್ರಣದ ಶಿಸ್ತೆಂದು ಮಾತ್ರ ತಿಳಿದಿದ್ದ ನಾನು ಟಿಪ್ಪಣಿ ಪುಸ್ತಕದ ಪ್ರತಿಯೊಂದು ವಾಕ್ಯಕ್ಕೂ ಬಳಸತೊಡಗಿದೆ. ಊಹೆಗೆ ಚೌಕ ಆವರಣ ಬೀಳಲೇಬೇಕು.

ಪಡಿಯಚ್ಚಿನ ವಿಷಯದಲ್ಲಿ ಊರಿನ ಅಭ್ಯಾಸ ಕೈಹಿಡಿಯಿತು. ನಮ್ಮಲ್ಲಿ ಒದ್ದೆ ಕಾಗದವನ್ನು ಬ್ರಷ್‌ನಿಂದ ಬಡಿದು ಮೇಲೆ ಮಸಿ ಹಚ್ಚುತ್ತೇವೆ. ರೋಮನ್ ಶಾಸನಗಳ ಕೆಲಸದಲ್ಲಿ ಮಸಿಯಿಲ್ಲ, ಶೋಧಕ ಕಾಗದ (ಫಿಲ್ಟರ್ ಪೇಪರ್) ಒಣಗಿದ ಮೇಲೆ ಅದರ ಉಬ್ಬುತಗ್ಗುಗಳನ್ನೇ ಬೆಳಕಿಗೆ ಹಿಡಿದು ಓದಬೇಕು. ಇದಲ್ಲದೆ, ಸವೆದ ಕಲ್ಲನ್ನು ನಡುಮಧ್ಯಾಹ್ನ ಓದಬಾರದು. ಸಂಜೆಯ ಓರೆಬಿಸಿಲು, ಇಲ್ಲವೇ ಕತ್ತಲಲ್ಲಿ ಪಕ್ಕದಿಂದ ಹಿಡಿದ ಟಾರ್ಚು ಬೇಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಪದವಿಯ ನಂತರ ಏಳು ವರ್ಷ ಒಂದೊಂದು ವರ್ಷದ ತಾತ್ಕಾಲಿಕ ಹುದ್ದೆಗಳಲ್ಲಿ ಊರೂರು ಅಲೆದೆ. ಆ ಅವಸರದಲ್ಲಿ ಒಂದು ಕಲ್ಲನ್ನು ಹಳೆಯ ಫೋಟೋದಿಂದಲೇ ಓದಿ, ಅದರಲ್ಲಿದ್ದವನನ್ನು ಬಿಡುಗಡೆ ಹೊಂದಿದ ಗುಲಾಮನೆಂದು ಲೇಖನ ಪ್ರಕಟಿಸಿದೆ. ಎರಡು ವರ್ಷದ ಬಳಿಕ ಆ ಕಲ್ಲಿನ ಮುಂದೆ ಟಾರ್ಚು ಹಿಡಿದು ಕೂತಾಗ, ನಾನು ಎಲ್ ಎಂದು ಓದಿದ್ದ ಅಕ್ಷರದ ತಳದ ಗೆರೆ ಕಲ್ಲಿನ ಬಿರುಕಾಗಿತ್ತು. ಮೇಲ್ತುದಿಯಲ್ಲಿ ಎಫ್‌ನ ಎರಡು ಅಡ್ಡಗೆರೆಗಳು ಮಸುಕಾಗಿ ಕಂಡವು. ಸ್ವತಂತ್ರನಾಗಿ ಹುಟ್ಟಿದ ಒಬ್ಬನನ್ನು ನಾನು ಗುಲಾಮನನ್ನಾಗಿ ಮಾಡಿದ್ದೆ. ಅದೇ ಪತ್ರಿಕೆಗೆ ತಿದ್ದುಪಡಿ ಕಳುಹಿಸಿದೆ. ಅರ್ಧ ಪುಟದ ಆ ಟಿಪ್ಪಣಿಯಲ್ಲಿ ಅವನ ಹೆಸರನ್ನು ಪೂರ್ತಿಯಾಗಿ, ತಂದೆಯ ಹೆಸರಿನೊಂದಿಗೆ, ಎಫ್‌ನ ಕೆಳಗೆ ಚುಕ್ಕೆಯಿಟ್ಟು ಅಚ್ಚುಮಾಡಿಸಿದ್ದೇನೆ.