ಭಾವಕ್ಕೆ ಸಮೀಕರಣದಲ್ಲಿ ಜಾಗ ಎಲ್ಲಿ?

ಮನಸ್ಸಿನ ಸ್ಥಿತಿ ಕಲಿಕೆಯನ್ನು ಬದಲಿಸುತ್ತದೆ ಎಂದು ಯಾರು ಬೇಕಾದರೂ ಹೇಳಿಯಾರು. ಕಲಿಕೆಯನ್ನು ಕಂಪ್ಯೂಟರ್ ಮಾದರಿಯಾಗಿಸಲು ಕೋಡ್ ಬರೆಯಲು ಕೂತವರಿಗೆ ಅಷ್ಟು ಸಾಲದು, ಯಾವ ಸಾಲಿನಲ್ಲಿ ಬದಲಿಸುತ್ತದೆ ಎಂದು ತೀರ್ಮಾನಿಸಬೇಕು. ಈ ಕೆಲಸದಲ್ಲಿ ನನ್ನ ಹೆಚ್ಚಿನ ಸಮಯ ಹೋಗುವುದು ಅದಕ್ಕೇ.

ಬುಡದಲ್ಲಿರುವುದು ಮನೋವಿಜ್ಞಾನಿಗಳಾದ ರೆಸ್ಕಾರ್ಲಾ ಮತ್ತು ವ್ಯಾಗ್ನರ್ 1972ರಲ್ಲಿ ಕೊಟ್ಟ ನಿಯಮ: ಹೊಸ ನಿರೀಕ್ಷೆ = ಹಳೆಯ ನಿರೀಕ್ಷೆ + ಆಲ್ಫಾ × (ಸಿಕ್ಕಿದ್ದು − ನಿರೀಕ್ಷಿಸಿದ್ದು). ಆಲ್ಫಾ ಎಂದರೆ ಕಲಿಕೆಯ ದರ, ಆವರಣದೊಳಗಿನ ವ್ಯತ್ಯಾಸವೇ ನಿರೀಕ್ಷೆಯ ದೋಷ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸಂದೇಶ ಸೂಸುವ ನರಕೋಶಗಳ ಮಿಡಿತ ಇಂಥ ದೋಷವನ್ನೇ ಹೋಲುತ್ತದೆ ಎಂದು ವಿಜ್ಞಾನಿಗಳಾದ ಷುಲ್ಟ್ಸ್, ಡಯಾನ್, ಮಾಂಟೆಗ್ 1997ರಲ್ಲಿ ವಾದಿಸಿದರು. ಲೆಕ್ಕದ ಈ ಸಾಲಿಗೂ ಮಿದುಳಿಗೂ ನಡುವಿನ ಗಟ್ಟಿ ಕೊಂಡಿ ಅದು.

ಭಾವ ಈ ಲೆಕ್ಕದೊಳಗೆ ಬರಲು ಮುಖ್ಯವಾಗಿ ಮೂರು ದಾರಿಗಳಿವೆ. ಆಲ್ಫಾವನ್ನೇ ಏರಿಳಿಸಬಹುದು. ಸಿಕ್ಕ ಬಹುಮಾನ ಹೆಚ್ಚೋ ಕಡಿಮೆಯೋ ಎನಿಸುವಂತೆ ಮಾಡಬಹುದು. ಇಲ್ಲವೇ ಕಲಿತದ್ದನ್ನು ಮುಟ್ಟದೆ ಆಯ್ಕೆಯನ್ನಷ್ಟೇ ಚಂಚಲಗೊಳಿಸಬಹುದು, ಅಂದರೆ ನಿರೀಕ್ಷೆಗಳನ್ನು ಆಯ್ಕೆಯ ಸಾಧ್ಯತೆಗಳಾಗಿ ಬದಲಿಸುವ ಸಾಫ್ಟ್‌ಮ್ಯಾಕ್ಸ್ ಸೂತ್ರದಲ್ಲಿ, ಆಯ್ಕೆ ಎಷ್ಟು ಖಚಿತ ಎಂದು ಹೇಳುವ ಬೀಟಾ ಕುಗ್ಗುತ್ತದೆ. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ: ಆಟಗಾರ ತಪ್ಪು ಪೆಟ್ಟಿಗೆ ಒತ್ತಿದ.

ನಾನು ಬಳಸುವ ಆಟ ಸರಳ. ಎರಡು ಪೆಟ್ಟಿಗೆ, ಒಂದರಲ್ಲಿ ಗೆಲ್ಲುವ ಸಾಧ್ಯತೆ 75%, ಇನ್ನೊಂದರಲ್ಲಿ 25%. ಒಟ್ಟು 160 ಸರದಿ. ಪ್ರತಿ 15ರಿಂದ 25 ಸರದಿಗಳಿಗೊಮ್ಮೆ ಸಾಧ್ಯತೆಗಳು ಅದಲುಬದಲಾಗುತ್ತವೆ. ಪ್ರತಿ 10 ಸರದಿಗೊಮ್ಮೆ 0ರಿಂದ 100ರ ಪಟ್ಟಿಯಲ್ಲಿ ‘ಈಗ ಹೇಗನಿಸುತ್ತಿದೆ?’ ಎಂದು ಕೇಳುತ್ತೇನೆ. ಪ್ರಶ್ನೆ ಅದಕ್ಕಿಂತ ಪದೇ ಪದೇ ಬಂದರೆ ಜನ ಬೇಸತ್ತು ಗುರುತನ್ನು ನಡುವಿನಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದವರನ್ನು ನೇರ ಪರದೆಯ ಮುಂದೆ ಕೂರಿಸಬಾರದು. ಹತ್ತು ನಿಮಿಷ ಬಿಟ್ಟು, ಆಟಕ್ಕೆ ಮೊದಲೇ ಒಮ್ಮೆ ಕೇಳಿ ಆ ಉತ್ತರವನ್ನು ಆಧಾರವಾಗಿ ಇಟ್ಟುಕೊಳ್ಳಬೇಕು.

ಮನಸ್ಥಿತಿಯನ್ನು ನಾನು ನಿರೀಕ್ಷೆಯ ದೋಷಗಳ ಚಲಿಸುವ ಸರಾಸರಿಯಾಗಿ ಬರೆಯುತ್ತೇನೆ: ಹೊಸ ಮನಸ್ಥಿತಿ = ಹಳೆಯದು + ಈಟಾ × (ದೋಷ − ಹಳೆಯದು). ಮನಸ್ಥಿತಿ ಎಷ್ಟು ಬೇಗ ಬದಲಾಗುತ್ತದೆ ಎಂದು ಹೇಳುವುದು ಈಟಾ. ಸಂಶೋಧಕರಾದ ಎಲ್ಡಾರ್ ಮತ್ತು ನಿವ್ 2015ರಲ್ಲಿ ಪ್ರಕಟಿಸಿದ ಮಾದರಿಯ ತಿರುಳೂ ಇದೇ. ಇದನ್ನು ಟ್ಯಾನ್‌ಎಚ್ ಫಲನದ ಮೂಲಕ −1 ಮತ್ತು +1ರ ನಡುವೆ ಹಿಡಿದಿಟ್ಟು, ಒಂದು ತೂಕದಿಂದ ಗುಣಿಸಿ ಬಹುಮಾನಕ್ಕೆ ಕೂಡಿಸುತ್ತೇನೆ. ಕೂಡಿಸುವ ಬದಲು ಬಹುಮಾನವನ್ನೇ ಮನಸ್ಥಿತಿಗೆ ತಕ್ಕಂತೆ ಗುಣಿಸುವ ರೂಪವೂ ಚಲಾವಣೆಯಲ್ಲಿದೆ, ಆದರೆ ಸೋಲನ್ನು 0 ಎಂದು ಬರೆದಿದ್ದರೆ 0ಯನ್ನು ಯಾವುದರಿಂದ ಗುಣಿಸಿದರೂ 0. ಸೋಲಿನ ಸರದಿಗಳಲ್ಲಿ ಮನಸ್ಥಿತಿ ಕೆಲಸವನ್ನೇ ಮಾಡುವುದಿಲ್ಲ. −1 ಎಂದು ಬರೆದರೆ ಇನ್ನೂ ವಿಚಿತ್ರ: ಖುಷಿಯಲ್ಲಿದ್ದವನಿಗೆ ಸೋಲು ಹೆಚ್ಚು ಕಹಿಯಾಗುತ್ತದೆ. ತೂಕ ದೊಡ್ಡದಾದರೆ ಮನಸ್ಥಿತಿ ತೂಗುಯ್ಯಾಲೆಯಂತೆ ಜೀಕತೊಡಗುತ್ತದೆ. ಗೆಲುವು ಖುಷಿ ತರುತ್ತದೆ, ಖುಷಿ ಮುಂದಿನ ಗೆಲುವನ್ನು ಹಿಗ್ಗಿಸುತ್ತದೆ, ನಿರೀಕ್ಷೆ ಅಷ್ಟಕ್ಕೇರಿದ ಮೇಲೆ ಮಾಮೂಲಿ ಗೆಲುವೂ ನಿರಾಸೆಯಾಗುತ್ತದೆ. ಇದು ಕೋಡಿನ ದೋಷವಲ್ಲ, ಮಾದರಿಯ ಗುಣ.

ನಿಜವಾದ ತೊಡಕು ಬೇರೆ. ಸಾಧ್ಯತೆಗಳು ಬದಲಾಗದಿದ್ದರೆ ನಿರೀಕ್ಷೆ ಸರಿಹೋಗುತ್ತದೆ, ದೋಷದ ಸರಾಸರಿ ಸೊನ್ನೆಗೆ ಬರುತ್ತದೆ, ಅದರ ಜೊತೆಗೆ ಮನಸ್ಥಿತಿಯೂ. ಆಮೇಲೆ ಈಟಾ ಎಷ್ಟಿದ್ದರೂ ಅಳೆಯಲು ಹಿಡಿಯೇ ಇರುವುದಿಲ್ಲ. ಸಾಧ್ಯತೆ ಬದಲಾದರೂ ಮನಸ್ಥಿತಿ ಎಂದರೆ ಇತ್ತೀಚಿನ ಗೆಲುವು-ಸೋಲಿನ ನೆರಳೇ, ಎರಡನ್ನೂ ಬಿಡಿಸಲಾಗದು. ಆದ್ದರಿಂದ ಭಾವವನ್ನು ಆಟದ ಹೊರಗಿನಿಂದ ಅಲುಗಿಸಬೇಕು. ಎಲ್ಡಾರ್ ಮತ್ತು ನಿವ್ ಆಟಗಳ ನಡುವೆ ಅದೃಷ್ಟಚಕ್ರ ತಿರುಗಿಸಿ ದೊಡ್ಡ ಗೆಲುವನ್ನೋ ಸೋಲನ್ನೋ ಕೊಟ್ಟರು. ನಾನೂ 80ನೇ ಸರದಿಯ ನಂತರ ಚಕ್ರ ಇಡುತ್ತೇನೆ, ಮೊತ್ತ ₹150. ಒಂದು ಸರದಿಯ ಗೆಲುವು ₹2 ಇರುವಲ್ಲಿ ಅದು ಮನಸ್ಸಿಗೆ ತಟ್ಟುವಷ್ಟು ದೊಡ್ಡದು. ಹಣ ಕಳೆಯುವ ಚಕ್ರವೂ ಇರುವುದರಿಂದ ಒಪ್ಪಿಗೆ ಪತ್ರದಲ್ಲೂ ನೈತಿಕ ಸಮಿತಿಯ ಅರ್ಜಿಯಲ್ಲೂ ಅದನ್ನು ಬಿಡಿಸಿ ಬರೆಯಬೇಕು. ಕೊನೆಯಲ್ಲಿ ಯಾರೂ ಬರಿಗೈಯಲ್ಲಿ ಹೋಗದಂತೆ ಕನಿಷ್ಠ ಮೊತ್ತ ಇರಬೇಕು.

ಜನರನ್ನು ಕರೆಯುವ ಮೊದಲು ಕಂಪ್ಯೂಟರಿನಲ್ಲೇ 200 ಕೃತಕ ಆಟಗಾರರನ್ನು ಆಡಿಸುತ್ತೇನೆ. ಅವರ ಆಲ್ಫಾ, ಬೀಟಾ, ಈಟಾ, ತೂಕ ಎಲ್ಲವೂ ನನಗೆ ಗೊತ್ತಿರುತ್ತವೆ. ಅವರ ಆಯ್ಕೆಗಳಿಂದ ಅವೇ ಸಂಖ್ಯೆಗಳು ಮರಳಿ ಬರುತ್ತವೆಯೇ ನೋಡುವುದು. ಕೊಟ್ಟದ್ದಕ್ಕೂ ಬಂದದ್ದಕ್ಕೂ ಸಹಸಂಬಂಧ 0.7ಕ್ಕಿಂತ ಕೆಳಗಿದ್ದರೆ ಆ ಸಂಖ್ಯೆಯ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಬಹುಮಾನದ ಸಂವೇದನೆಗೆಂದು ಬೇರೆ ಗುಣಕ ಸೇರಿಸಿ ಬೀಟಾವನ್ನೂ ಇಟ್ಟುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆರಂಭದ ನಿರೀಕ್ಷೆ 0 ಇದ್ದಾಗ ಮೂಲ ಸಮೀಕರಣದಲ್ಲಿ ಅವೆರಡರ ಗುಣಲಬ್ಧ ಮಾತ್ರ ಗೊತ್ತಾಗುತ್ತದೆ, ಒಂದೊಂದಾಗಿ ಎಂದಿಗೂ ಅಲ್ಲ. ಒಂದನ್ನು 1ಕ್ಕೆ ಕಟ್ಟಿಹಾಕಬೇಕು. ಹಿಂದಿನ ಆಯ್ಕೆಗೇ ಅಂಟಿಕೊಳ್ಳುವ ಅಭ್ಯಾಸಕ್ಕೂ ಒಂದು ಗುಣಕ ಇರಲಿ, ಇಲ್ಲದಿದ್ದರೆ ಆ ಅಭ್ಯಾಸ ಮನಸ್ಥಿತಿಯ ವೇಷ ಹಾಕಿಕೊಂಡು ಬರುತ್ತದೆ.

ಇದಕ್ಕೆ ಪೈಥಾನ್ ಭಾಷೆ, ಅದರ ಗಣಿತದ ಸಾಧನಗಳ ಸಂಗ್ರಹ ಸೈಪೈ ಮತ್ತು ಸಾಧಾರಣ ಲ್ಯಾಪ್‌ಟಾಪ್ ಸಾಕು. ಆಲ್ಫಾ ಮತ್ತು ಈಟಾವನ್ನು 0 ಮತ್ತು 1ರ ನಡುವೆ ಹಿಡಿದಿಡುವ ಸಿಗ್ಮಾಯ್ಡ್ ಮೂಲಕ, ಬೀಟಾವನ್ನು ಸದಾ ಧನಾತ್ಮಕವಾಗಿಡುವ ಘಾತೀಯ ಫಲನದ ಮೂಲಕ ಹಾಯಿಸಿದರೆ ಮಿತಿಗಳ ತಲೆನೋವಿಲ್ಲ. ಒಬ್ಬೊಬ್ಬರಿಗೂ ಹೊಂದುವ ಸಂಖ್ಯೆಗಳನ್ನು 20 ಬೇರೆ ಬೇರೆ ಆರಂಭಬಿಂದುಗಳಿಂದ ಹುಡುಕಿಸಬೇಕು. ಸಾಫ್ಟ್‌ಮ್ಯಾಕ್ಸ್‌ನಲ್ಲಿ ಅತಿದೊಡ್ಡ ಮೌಲ್ಯವನ್ನು ಮೊದಲೇ ಕಳೆಯದಿದ್ದರೆ ಸಂಖ್ಯೆ ಉಕ್ಕಿ ಹರಿದು ಫಲಿತಾಂಶ ‘ನ್ಯಾನ್’, ಅಂದರೆ ‘ಸಂಖ್ಯೆಯೇ ಅಲ್ಲ’, ಆಗುತ್ತದೆ.

ಭಯದ ಕಲಿಕೆಗೆ ಮಾತ್ರ ಬೇರೆ ರೂಪ ಬೇಕು. ಮನೋವಿಜ್ಞಾನಿಗಳಾದ ಪಿಯರ್ಸ್ ಮತ್ತು ಹಾಲ್ 1980ರಲ್ಲಿ ಹೇಳಿದಂತೆ, ಅಚ್ಚರಿ ಹೆಚ್ಚಿದ್ದಷ್ಟೂ ಗಮನ, ಅದರೊಡನೆ ಕಲಿಕೆಯ ದರ ಏರುತ್ತದೆ. ಮನುಷ್ಯರಲ್ಲಿ ಈ ಏರಿಳಿತ ಭಯಕ್ಕೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಲಾದ ಚಟುವಟಿಕೆಯಲ್ಲಿ ಕಾಣುತ್ತದೆ ಎಂದು 2011ರಲ್ಲಿ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಅಧ್ಯಯನವೊಂದು ತೋರಿಸಿತು. ದೀರ್ಘ ಒತ್ತಡದ ಮಾತೇ ಬೇರೆ. ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಗಳನ್ನು ಅಲುಗಾಡದಂತೆ ಇಟ್ಟಾಗ ನೆನಪಿಗೆ ಮುಖ್ಯವಾದ ಮಿದುಳಿನ ಭಾಗ ಹಿಪ್ಪೊಕ್ಯಾಂಪಸ್‌ನಲ್ಲಿ ಸಿಎ3 ಎಂಬ ವಲಯದ ನರಕೋಶಗಳ ಕವಲುಗಳು ಕುಗ್ಗಿ, ಅಮಿಗ್ಡಲಾದವು ಹಬ್ಬಿದ್ದನ್ನು ನಮ್ಮದೇ ಊರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ದಿನಗಟ್ಟಲೆ ನಡೆಯುವ ಆ ಬದಲಾವಣೆಯನ್ನು ನಿಮಿಷಗಳ ಲೆಕ್ಕದ ಈಟಾಕ್ಕೆ ತುರುಕಲು ಹೋಗಬಾರದು. ಒತ್ತಡದಲ್ಲಿರುವ ಗುಂಪಿಗೆ ಆಲ್ಫಾದ ಸರಾಸರಿಯೇ ಬೇರೆ ಇರಬಹುದೆಂದು ಬಿಟ್ಟು, ದತ್ತಾಂಶವೇ ಹೇಳಲಿ ಎಂದು ನೋಡುತ್ತೇನೆ.

ಕೊನೆಗೆ, ಮಾದರಿ ಎಷ್ಟು ಹೊಂದುತ್ತದೆ, ಎಷ್ಟು ಜಟಿಲ ಎಂಬ ಎರಡನ್ನೂ ತೂಗುವ ಬಿಐಸಿ ಅಂಕ ಹೋಲಿಸುವಾಗ ಕಡಿಮೆ ಅಂಕದ ಮಾದರಿಯೇ ಗೆದ್ದಿತು ಎಂದು ನಿಲ್ಲಿಸಬಾರದು. ಗೆದ್ದ ಮಾದರಿಗೆ ಸಿಕ್ಕ ಸಂಖ್ಯೆಗಳನ್ನು ಕೊಟ್ಟು ಮತ್ತೆ ಆಡಿಸಿ, ಚಕ್ರದ ನಂತರದ 20 ಸರದಿಗಳನ್ನು ಮಾತ್ರ ಜನರ ಆಯ್ಕೆಗಳ ಪಕ್ಕದಲ್ಲಿ ಗ್ರಾಫ್ ಮಾಡಿ. ಅಲ್ಲಿ ಗೆರೆಗಳು ಕೂಡದಿದ್ದರೆ, ಮಿಕ್ಕ 140 ಸರದಿಗಳಲ್ಲಿ ಎಷ್ಟೇ ಚೆನ್ನಾಗಿ ಹೊಂದಿದರೂ ಆ ಮಾದರಿಯಲ್ಲಿ ಭಾವಕ್ಕೆ ಕೊಟ್ಟ ಜಾಗ ತಪ್ಪು.